ಊರು ಮಾರಿದ ವರ್ಷ: 1687
(ಚಿಕ್ಕನಾಯಕನಹಳ್ಳಿಯ ಸಭೆಯಲ್ಲಿ ಮಾಡಿದ ಭಾಷಣ)



ನಾವು ಉಪಾಧ್ಯಾಯರಾಗಿದ್ದಾಗ ಮಕ್ಕಳಿಗೆ ಒಂದು ಸಾಲು ಬಾಯಿಪಾಠ ಮಾಡಿಸುತ್ತಿದ್ದೆವು. 1687ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು 3 ಲಕ್ಷ ರೂಪಾಯಿಗೆ ಬೆಂಗಳೂರನ್ನು ಕೊಂಡರು ಎಂದು. ಆ ಹಣ ಯಾರದು ಎಂದು ಮಕ್ಕಳು ಕೇಳಲಿಲ್ಲ, ನಾವೂ ಹೇಳಲಿಲ್ಲ. ಆ ಬಾಕಿಯನ್ನು ಇಂದು ತೀರಿಸುತ್ತೇವೆ.

ಕೆಂಪೇಗೌಡನು ಕಟ್ಟಿದ ಬೆಂಗಳೂರು 1638ರಲ್ಲಿ ಬಿಜಾಪುರದವರ ಪಾಲಾಯಿತು. ಅವರು ಅದನ್ನು ಶಹಾಜಿಗೆ ಜಹಗೀರಾಗಿ ಕೊಟ್ಟರು. ಅವನ ಮಗ ಏಕೋಜಿ ತಂಜಾವೂರಿನಲ್ಲಿ ನೆಲೆನಿಂತ ಮೇಲೆ ದೂರದ ಈ ಊರು ಅವನಿಗೆ ಭಾರವಾಯಿತು. ಮೈಸೂರಿನೊಡನೆ ವ್ಯಾಪಾರಕ್ಕೆ ಕೂತ. ವ್ಯಾಪಾರ ಕುದುರುವಷ್ಟರಲ್ಲಿ, 1687ರ ಜುಲೈನಲ್ಲಿ, ಔರಂಗಜೇಬನ ಸೇನಾಪತಿ ಕಾಸಿಂಖಾನ್ ಬಂದು ಊರನ್ನು ಹಿಡಿದ. ಹಿಡಿದವನು ಅದೇ 3 ಲಕ್ಷಕ್ಕೆ ಮೈಸೂರಿಗೆ ಬಿಟ್ಟುಕೊಟ್ಟ. ಮೊಗಲರು ನಮ್ಮ ಉತ್ತರಕ್ಕಿರುವ ಶಿರಾವನ್ನು ತಮ್ಮ ಸುಬಾದ ರಾಜಧಾನಿ ಮಾಡಿಕೊಂಡರು.

ಹೀಗೆ ಒಂದು ಊರಿಗೆ ಒಬ್ಬರಾದ ಮೇಲೊಬ್ಬರಂತೆ ಮೂವರು ಒಡೆಯರು. ಪೇಟೆಯಲ್ಲಿ ಮಗ್ಗ ಹೂಡಿದ ನೇಕಾರನನ್ನಾಗಲಿ, ಅಂಗಡಿ ತೆರೆದ ವರ್ತಕನನ್ನಾಗಲಿ ಯಾರೂ ಕೇಳಲಿಲ್ಲ. ತೋಟ ಮಾರುವಾಗ ಮರ ಎಣಿಸುತ್ತಾರೆ. ಕಾಯಿ ಕೀಳುವವನನ್ನು, ಸುಲಿಯುವವನನ್ನು ಕೇಳುತ್ತಾರೆಯೇ? ಹಾಗಾಯಿತು.

ಇನ್ನು ಹಣದ ಮಾತು. ಚಿಕ್ಕದೇವರಾಜರಿಗೆ ನವಕೋಟಿ ನಾರಾಯಣ ಎಂಬ ಬಿರುದಿತ್ತು. ಬೊಕ್ಕಸ ತುಂಬಿದ್ದು ಹೇಗೆ? ಮೈಸೂರಿನ ಚರಿತ್ರೆ ಬರೆದ ಕರ್ನಲ್ ವಿಲ್ಕ್ಸ್ ಹೇಳುತ್ತಾನೆ: ಬೆಳೆಯ ಆರನೆಯ ಒಂದು ಪಾಲೆಂಬ ಹಳೆಯ ಕಂದಾಯ ಹೆಸರಿಗೆ ಹಾಗೆಯೇ ಉಳಿಯಿತು, ಅದರ ಮೇಲೆ ಸಣ್ಣ ಸಣ್ಣ ತೆರಿಗೆಗಳು ಬಿದ್ದವು. ರೈತರು ಊರಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ನೇತುಹಾಕಿದರು. ಉಳುವುದಿಲ್ಲ ಎಂಬುದೇ ಅದರ ಅರ್ಥ. ಮುಂದಾಳುಗಳಾಗಿ ನಿಂತ ಜಂಗಮರನ್ನು ನಂಜನಗೂಡಿಗೆ ಕರೆಸಿ 400ಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಿಸಲಾಯಿತೆಂದೂ ಅವನೇ ಬರೆದಿದ್ದಾನೆ.

ಒಡೆಯರು ಸಮರ್ಥರಲ್ಲವೆಂದು ನಾವು ಹೇಳುವುದಿಲ್ಲ. ರಾಜ್ಯವನ್ನು ಬೆಳೆಸಿದರು, ಆಡಳಿತವನ್ನು ಕಟ್ಟಿದರು. ಆದರೆ ಖರೀದಿಯ ಕೀರ್ತಿ ಒಬ್ಬರ ಲೆಕ್ಕಕ್ಕೆ, ಖರ್ಚು ಮಾತ್ರ ನೇಗಿಲಿನ ಲೆಕ್ಕಕ್ಕೆ ಎಂಬ ಜಮಾಖರ್ಚನ್ನು ನಿಮ್ಮಲ್ಲಿ ಯಾವ ಅಂಗಡಿಯವರು ಒಪ್ಪುತ್ತೀರಿ?

ಅಂದು ಊರಿನವರನ್ನು ಕೇಳುವ ಕಟ್ಟಳೆ ಇರಲಿಲ್ಲ. ಇಂದು ನಮ್ಮ ಕೈಯಲ್ಲಿ ವೋಟು ಇದೆ. ಊರಿನ ಹೆಸರಿನಲ್ಲಿ ಯಾರು ಏನನ್ನೇ ಕೊಂಡರೂ ಮಾರಿದರೂ ಹಣ ಯಾರದು ಎಂದು ಮೊದಲು ಕೇಳೋಣ. ಮಕ್ಕಳಿಗೂ ಹಾಗೆ ಕೇಳುವುದನ್ನು ಕಲಿಸೋಣ.