ಪದಗಳ ನಡುವೆ ಜಾಗ ಬಿಟ್ಟವನು



1896ರ ಏಪ್ರಿಲ್ 7ರಂದು ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ನಾಲ್ಕು ಪುಟದ ಪತ್ರಿಕೆಯೊಂದು ಹೊರಬಂತು. ಹೆಸರು ‘ತೊಂಗ್ನಿಪ್ ಸಿನ್ಮುನ್’, ಅಂದರೆ ಸ್ವಾತಂತ್ರ್ಯ ಪತ್ರಿಕೆ. ಒಂದು ಪುಟ ಇಂಗ್ಲಿಷ್. ಉಳಿದ ಮೂರೂ ಪುಟ ಕೊರಿಯನ್ನರ ಸ್ವಂತ ಲಿಪಿಯಲ್ಲಿ!

ಇದರಲ್ಲೇನು ದೊಡ್ಡದು ಅಂತೀರಾ? ದೊರೆ ಸೇಜೋಂಗ್ 1446ರಲ್ಲೇ ಆ ಲಿಪಿಯನ್ನು ಜನರಿಗೆ ಕೊಟ್ಟಿದ್ದ. ಆದರೆ ಪಂಡಿತರಿಗೆ ಚೀನೀ ಬರಹವೇ ಬರಹ. ನಮ್ಮ ಲಿಪಿ ಹೆಂಗಸರಿಗೆ, ಕೂಲಿಯವರಿಗೆ ಸಾಕು ಎಂದು ಮೂಗು ಮುರಿಯುತ್ತಿದ್ದರು. ಹೀಗೆ ನಾಲ್ಕೂವರೆ ಶತಮಾನ ಕಳೆಯಿತು.

ಪತ್ರಿಕೆ ತಂದವನು ಸೊ ಜೇ-ಪಿಲ್. 1884ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಗೆಳೆಯರ ಜೊತೆ ಅರಮನೆಯಲ್ಲಿ ಕ್ಷಿಪ್ರಕ್ರಾಂತಿಗೆ ಕೈಹಾಕಿದ್ದ. ಮೂರೇ ದಿನದಲ್ಲಿ ಚೀನೀ ಸೈನ್ಯ ಅದನ್ನು ಹೊಸಕಿಹಾಕಿತು. ಈತ ತಪ್ಪಿಸಿಕೊಂಡ. ಮನೆಯವರು ತಪ್ಪಿಸಿಕೊಳ್ಳಲಿಲ್ಲ. ತಂದೆ, ತಾಯಿ, ಹೆಂಡತಿ ಸತ್ತರು, ತಮ್ಮನನ್ನು ಕೊಂದರು, ಪುಟ್ಟ ಮಗು ಹಸಿವಿನಿಂದ ಸತ್ತಿತು. ಅಮೆರಿಕಕ್ಕೆ ಹೋಗಿ ಫಿಲಿಪ್ ಜೇಸನ್ ಎಂದು ಹೆಸರು ಬದಲಿಸಿ, ಅಲ್ಲಿಯ ಪ್ರಜೆಯಾಗಿ, 1892ರಲ್ಲಿ ಡಾಕ್ಟರಾದ. ಅಲ್ಲೇ ಸುಖವಾಗಿರಬಹುದಿತ್ತು.

1895ರ ಕೊನೆಗೆ ಊರಿಗೆ ಮರಳಿದ. ಅರಮನೆಯ ಆ ದಂಗೆ ಏತಕ್ಕೆಂದು ಬೀದಿಯ ಜನರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗಬೇಕಾದರೆ ಅವರಿಗೆ ಓದಲು ಬರುವ ಅಕ್ಷರದಲ್ಲಿ ಬರೆಯಬೇಕಲ್ಲವೇ? ಮೇಲಿನವರೂ ಕೆಳಗಿನವರೂ ಒಂದೇ ಹಾಗೆ ಓದಲೆಂದು ಈ ಲಿಪಿ ಬಳಸಿದ್ದೇವೆ ಎಂದು ಮೊದಲ ಸಂಚಿಕೆಯಲ್ಲೇ ಸಾರಿದ. ಇನ್ನೊಂದು ಕೆಲಸವನ್ನೂ ಮಾಡಿದ. ಅಲ್ಲಿಯವರೆಗೆ ಪದಗಳನ್ನು ಒಂದಕ್ಕೊಂದು ಅಂಟಿಸಿ ಬರೆಯುತ್ತಿದ್ದರು. ಈತ ನಡುವೆ ಜಾಗ ಬಿಟ್ಟ. ಅಷ್ಟೇ! ಎಡವದೆ ಓದಲು ಸಾಮಾನ್ಯನಿಗೆ ದಾರಿಯಾಯಿತು.

ಆರಂಭಕ್ಕೆ ಹಣ ಕೊಟ್ಟದ್ದು ಸರ್ಕಾರವೇ. ಆದರೂ ಪತ್ರಿಕೆ ಲಂಚಕೋರ ಅಧಿಕಾರಿಗಳನ್ನು ಬಿಡಲಿಲ್ಲ. ಮುನ್ನೂರರಿಂದ ಶುರುವಾದ ಪ್ರತಿಗಳು ಮೂರು ಸಾವಿರಕ್ಕೇರಿದವು. ಅರಮನೆಯ ಹಳಬರಿಗೆ ಆತ ಬೇಡವಾದ. 1898ರ ಮೇ ತಿಂಗಳಲ್ಲಿ ದೇಶ ಬಿಡಬೇಕಾಯಿತು. 1899ರ ಡಿಸೆಂಬರಿನಲ್ಲಿ ಪತ್ರಿಕೆಯೂ ನಿಂತಿತು. ಮುಂದೆ ಅಮೆರಿಕದಲ್ಲಿದ್ದುಕೊಂಡೇ ಕೊರಿಯಾದ ಬಿಡುಗಡೆಗೆ ದುಡಿದು 1951ರಲ್ಲಿ ಅಲ್ಲೇ ತೀರಿಕೊಂಡ. ಅಸ್ಥಿ ತಾಯ್ನಾಡಿಗೆ ಬಂದದ್ದು 1994ರಲ್ಲಿ.

ಆ ಪತ್ರಿಕೆಯ ಕರಡು ತಿದ್ದುತ್ತಿದ್ದ ಇಪ್ಪತ್ತರ ಹುಡುಗನೊಬ್ಬನಿದ್ದ, ಜೂ ಸಿ-ಗ್ಯೋಂಗ್. ಮುಂದೆ ಕೊರಿಯನ್ ವ್ಯಾಕರಣಕ್ಕೆ ಬುನಾದಿ ಹಾಕಿದವನು ಅವನೇ. ಅವನ ಶಿಷ್ಯಪರಂಪರೆಯವರು ಕೊರಿಯನ್ ನಿಘಂಟು ಮಾಡುತ್ತಿದ್ದಾಗ, 1942ರಲ್ಲಿ, ಜಪಾನೀ ಆಡಳಿತ ಅವರನ್ನು ಹಿಡಿದು ಜೈಲಿಗೆ ಹಾಕಿತು. ಇಬ್ಬರು ಜೈಲಿನಲ್ಲೇ ಸತ್ತರು. ನಿಘಂಟಿನ ಮೊದಲ ಸಂಪುಟ 1947ರಲ್ಲಿ ಅಚ್ಚಾಯಿತು.