ಥಡಿಯಸ್ ಸ್ಟೀವನ್ಸ್: ಹೆಸರು ಮತ್ತು ಬಾಳು



1792ರ ಏಪ್ರಿಲ್ 4ರಂದು ಅಮೆರಿಕದ ವರ್ಮಾಂಟ್ ಪ್ರಾಂತದ ಡ್ಯಾನ್‌ವಿಲ್ ಎಂಬ ಊರಿನ ಬಡಮನೆಯೊಂದರಲ್ಲಿ, ಸೊಟ್ಟ ಪಾದದ ಗಂಡುಮಗುವೊಂದು ಜನಿಸಿತು. ತಂದೆತಾಯಿಗಳು ಅದಕ್ಕೆ ಥಡಿಯಸ್ ಎಂದು ಹೆಸರಿಟ್ಟರು. ಅದು ಕ್ರಿಸ್ತನ ಹನ್ನೆರಡು ಶಿಷ್ಯರಲ್ಲೊಬ್ಬನ ಹೆಸರೇ ಹೌದು. ಆದರೆ ಅವರು ನೆನೆದದ್ದು ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಕೋಟೆಕೊತ್ತಲಗಳನ್ನು ಕಟ್ಟಿದ ಪೋಲೆಂಡಿನ ಸೇನಾನಿ ತಾಡೇವುಶ್ ಕೊಶ್ಚುಷ್ಕೊನನ್ನು. ತಾಡೇವುಶ್ ಎಂಬುದರ ಇಂಗ್ಲಿಷ್ ರೂಪವೇ ಥಡಿಯಸ್.

ಆ ಸೇನಾನಿ 1798ರಲ್ಲಿ ಅಮೆರಿಕವನ್ನು ಬಿಡುವಾಗ ಒಂದು ಉಯಿಲು ಬರೆದನು. ಅಲ್ಲಿರುವ ತನ್ನ ಹಣದಿಂದ ಗುಲಾಮರನ್ನು ಕೊಂಡು, ಬಿಡುಗಡೆ ಮಾಡಿ, ವಿದ್ಯೆ ಕಲಿಸಬೇಕೆಂದು ಮಿತ್ರ ಥಾಮಸ್ ಜೆಫರ್ಸನ್‌ನಿಗೆ ಹೊಣೆ ವಹಿಸಿದನು. ಮಾನವರೆಲ್ಲ ಸಮಾನರೆಂದು ಘೋಷಣಾಪತ್ರ ಬರೆದ ಜೆಫರ್ಸನ್ ಸ್ವತಃ ನೂರಾರು ಗುಲಾಮರ ಒಡೆಯ! 1817ರಲ್ಲಿ ಸೇನಾನಿ ತೀರಿಕೊಂಡಾಗ ಆತ ಆ ಹೊಣೆಯನ್ನು ಒಲ್ಲೆನೆಂದನು. ವ್ಯಾಜ್ಯವು ದಶಕಗಟ್ಟಲೆ ಎಳೆದು, 1852ರಲ್ಲಿ ಸುಪ್ರೀಂ ಕೋರ್ಟು ಹಣವನ್ನು ಸೇನಾನಿಯ ಬಂಧುಗಳಿಗೆ ಕೊಡಿಸಿತು. ಒಬ್ಬ ಗುಲಾಮನಿಗೂ ಅದರಿಂದ ಬಿಡುಗಡೆ ದೊರೆಯಲಿಲ್ಲ.

ಆ ಹೆಸರನ್ನು ಹೊತ್ತ ಸ್ಟೀವನ್ಸ್‌ನೂ ಮೊದಲಿನಿಂದಲೇ ಮಹಾತ್ಮನಾಗಿರಲಿಲ್ಲ. ಅದನ್ನು ಮುಚ್ಚಿಡುವುದು ತರವಲ್ಲ. ಗೆಟ್ಟಿಸ್‌ಬರ್ಗಿನಲ್ಲಿ ವಕೀಲನಾಗಿದ್ದಾಗ, 1821ರಲ್ಲಿ, ಗುಲಾಮರ ಒಡೆಯನೊಬ್ಬನ ಪರವಾಗಿ ವಾದಿಸಿ ಗೆದ್ದನು. ಬಿಡುಗಡೆ ಕೋರಿ ನ್ಯಾಯಾಲಯಕ್ಕೆ ಬಂದಿದ್ದ ಚಾರಿಟಿ ಬಟ್ಲರ್ ಎಂಬ ಹೆಂಗಸು ಸೋತಳು. ಮುಂದಿನ ವರ್ಷಗಳಲ್ಲಿ ಅದೇ ವಕೀಲ ಓಡಿಬಂದ ಗುಲಾಮರ ಪರ ನಿಂತನು. 1838ರಲ್ಲಿ ಪೆನ್ಸಿಲ್ವೇನಿಯಾದ ಹೊಸ ಸಂವಿಧಾನವು ಕಪ್ಪುಜನರ ಮತದಾನದ ಹಕ್ಕನ್ನು ಕಸಿದುಕೊಂಡಾಗ, ಅದನ್ನು ರಚಿಸಿದ ಸಭೆಯ ಸದಸ್ಯನಾಗಿದ್ದೂ ಸಹಿ ಹಾಕಲಿಲ್ಲ.

ಅಂತರ್ಯುದ್ಧದ ಕಾಲದಲ್ಲಿ ಕೆಳಮನೆಯ ಹಣಕಾಸು ಸಮಿತಿಯ ಅಧ್ಯಕ್ಷನಾಗಿದ್ದ ಆತ, ಗುಲಾಮಗಿರಿಯನ್ನು ಅಳಿಸಿದ 13ನೆಯ ತಿದ್ದುಪಡಿಗೂ ಸಮಾನ ಪೌರತ್ವ ನೀಡಿದ 14ನೆಯ ತಿದ್ದುಪಡಿಗೂ ದುಡಿದನು. ಬಿಡುಗಡೆ ಹೊಂದಿದವನಿಗೆ ನೆಲವಿಲ್ಲದಿದ್ದರೆ ಹಳೆಯ ಒಡೆಯನ ಬಾಗಿಲೇ ಗತಿಯೆಂದು ಕಂಡು, ದಂಗೆಯೆದ್ದ ದೊಡ್ಡ ಜಮೀನ್ದಾರರ ಭೂಮಿಯನ್ನು ಮುಟ್ಟುಗೋಲು ಹಾಕಿ ತಲಾ 40 ಎಕರೆ ಹಂಚಬೇಕೆಂದನು. ಸ್ವಪಕ್ಷದವರಲ್ಲೇ ಬಹುಮಂದಿ ಒಪ್ಪಲಿಲ್ಲ. ಒಡೆತನದ ಪ್ರಶ್ನೆ ಬಂದಾಗ ಉದಾರಿಗಳೂ ಹಿಂಜರಿಯುವುದು ಅಮೆರಿಕಕ್ಕೆ ಮಾತ್ರ ಮೀಸಲಾದ ಸಂಗತಿಯಲ್ಲ.

1868ರ ಆಗಸ್ಟ್ 11ರಂದು ಸ್ಟೀವನ್ಸ್ ತೀರಿಕೊಂಡನು. ಆತನ ಊರಾದ ಲ್ಯಾಂಕಾಸ್ಟರಿನಲ್ಲಿ ವರ್ಣಭೇದವಿಲ್ಲದೆ ಎಲ್ಲರಿಗೂ ಜಾಗವಿದ್ದ ಚಿಕ್ಕದೊಂದು ರುದ್ರಭೂಮಿಯನ್ನು ತಾನೇ ಆರಿಸಿಕೊಂಡಿದ್ದನು. ಹಾಗೆ ಆರಿಸಿದ್ದೇಕೆಂಬ ಕಾರಣವೂ ಆತನ ಗೋರಿಯ ಕಲ್ಲಿನ ಮೇಲೆ ಕೆತ್ತಲ್ಪಟ್ಟಿದೆ.