ಪುಸ್ತಕ ಮಾಡುವವರು ಯಾರು?

(ಗಿರಣಿ ಕೆಲಸಗಾರರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಮಕ್ಕಳಿಗಾಗಿ ಕಥೆ, ಪದ್ಯ ಬರೆಯುವವರು. ಗಿರಣಿ ಕೆಲಸಗಾರರೂ ಅಂಗಡಿಕಾರರೂ ಸೇರಿರುವ ಈ ಸಭೆಯಲ್ಲಿ ನಮಗೇನು ಕೆಲಸವೆಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಕೂಲಿ, ಬೆಲೆ, ತೆರಿಗೆ ಇವು ನೀವು ದಿನವೂ ಚರ್ಚಿಸುವ ವಿಷಯಗಳು. ನಾವು ಮಾತನಾಡಲು ಬಂದಿರುವುದೂ ಕೂಲಿ, ಬೆಲೆ, ತೆರಿಗೆಗಳ ವಿಷಯವನ್ನೇ. ಆದರೆ ಒಂದು ಕಥೆಪುಸ್ತಕವನ್ನು ಮುಂದಿಟ್ಟುಕೊಂಡು.

ಕೆಲವು ವರ್ಷಗಳಿಂದ ನಾವು ಶಾಲೆಗಳಿಗೆ ಹೋಗಿ, ಪುಸ್ತಕ ಹೇಗೆ ತಯಾರಾಗುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸುತ್ತಿದ್ದೇವೆ. ಚೆನ್ನಾಗಿ ಓದಿ, ದೊಡ್ಡವರಾಗಿ ಎಂದು ಉಪದೇಶ ಮಾಡಿ, ಹಾರ ಹಾಕಿಸಿಕೊಂಡು ಬರುವ ಪದ್ಧತಿಯನ್ನು ಇಟ್ಟುಕೊಂಡಿಲ್ಲ. ಮಕ್ಕಳ ಜೊತೆ ನೆಲದ ಮೇಲೆ ಕುಳಿತು ಮೊದಲು ಒಂದು ಪ್ರಶ್ನೆ ಕೇಳುತ್ತೇವೆ: “ನಿಮ್ಮ ಕೈಯಲ್ಲಿರುವ ಈ ಪುಸ್ತಕವನ್ನು ಮಾಡಿದವರು ಯಾರು?”

“ಸರ್ಕಾರ” ಎನ್ನುತ್ತಾರೆ ಹಲವರು. “ಹೆಡ್‌ಮೇಷ್ಟ್ರು” ಎನ್ನುತ್ತಾರೆ ಕೆಲವರು. “ಸರಸ್ವತಿ” ಎಂದು ಕೈಮುಗಿದ ಪುಟ್ಟ ಹುಡುಗಿಯೂ ಒಬ್ಬಳಿದ್ದಳು. “ಕೆಲಸಗಾರರು” ಎಂದು ಯಾವ ಮಗುವೂ ಹೇಳಿದ್ದನ್ನು ನಾವು ಕೇಳಿಲ್ಲ. ಗಿರಣಿ ಕೆಲಸಗಾರರ ಮಕ್ಕಳೂ ಹೇಳಲಿಲ್ಲ. ತೊಟ್ಟ ಅಂಗಿಯನ್ನು ಯಾರೋ ನೇಯ್ದು ಹೊಲಿದಿದ್ದಾರೆಂದು ಆ ಮಕ್ಕಳಿಗೆ ಗೊತ್ತು. ಅಪ್ಪ ಪಾಳಿ ಮುಗಿಸಿ, ತಲೆಗೂದಲಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡು ಮನೆಗೆ ಬರುವುದನ್ನು ಕಂಡಿದ್ದಾರೆ. ಪುಸ್ತಕಕ್ಕೆ ಮಾತ್ರ ಮಾಡಿದವರಿಲ್ಲ. ಅದು ಎಲ್ಲೋ ಮೇಲಿನಿಂದ ಇಳಿದು ಬಂದದ್ದು!

ಮೇಲಿನಿಂದ ಬಂದದ್ದೆಂದು ತಿಳಿದ ವಸ್ತುವಿಗೆ ಮನುಷ್ಯ ಹೆದರುತ್ತಾನೆ, ಇಲ್ಲವೆ ಕೈಮುಗಿಯುತ್ತಾನೆ. ಯಾವುದನ್ನು ಮಾಡಿದರೂ ಅದು ತನ್ನದೆಂಬ ಸಲಿಗೆ ಅವನಿಗೆ ಹುಟ್ಟುವುದಿಲ್ಲ. ಈ ಸಲಿಗೆಯನ್ನು ಮಕ್ಕಳಲ್ಲಿ ಹುಟ್ಟಿಸುವುದೇ ನಮ್ಮ ತಿರುಗಾಟದ ಉದ್ದೇಶ.

ಒಂದು ಹಾಳೆ, ಹದಿನಾರು ಪುಟ

ನಾವು ಒಯ್ಯುವ ಸಾಮಾನು ಹೆಚ್ಚಿನದೇನಲ್ಲ. ಒಂದು ದೊಡ್ಡ ಹಾಳೆ, ಸೂಜಿ, ದಾರ, ಕತ್ತರಿ. ಹಾಳೆಯನ್ನು ಒಮ್ಮೆ ಮಡಿಸಿದರೆ ನಾಲ್ಕು ಪುಟ, ಎರಡನೆಯ ಸಲ ಮಡಿಸಿದರೆ ಎಂಟು, ಮೂರನೆಯ ಸಲಕ್ಕೆ ಹದಿನಾರು. ಮಡಿಸಿದ ಹಾಳೆಯ ಮೇಲೆ ಪೆನ್ಸಿಲಿನಿಂದ ೧ರಿಂದ ೧೬ರ ತನಕ ಪುಟಸಂಖ್ಯೆ ಬರೆಯಿಸುತ್ತೇವೆ. ಆಮೇಲೆ ಹಾಳೆಯನ್ನು ಬಿಚ್ಚಿ ಹರಡುತ್ತೇವೆ. ಮಕ್ಕಳು ಬೆರಗಾಗುತ್ತಾರೆ. ಅಂಕೆಗಳೆಲ್ಲ ಚೆಲ್ಲಾಪಿಲ್ಲಿ! ಕೆಲವು ತಲೆಕೆಳಗಾಗಿ ನಿಂತಿವೆ. ೧ರ ಪಕ್ಕದಲ್ಲಿ ೨ ಇಲ್ಲ, ೧೬ ಇದೆ. ೨ರ ಜೊತೆಗೆ ೧೫, ೩ರ ಜೊತೆಗೆ ೧೪. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಯಾವುದೋ ಮೂಲೆಯಿಂದ ಒಂದು ಮಗು ಕೂಗಿ ಹೇಳುತ್ತದೆ: “ಎರಡೆರಡು ಕೂಡಿದರೆ ಹದಿನೇಳು!” ಎಷ್ಟೋ ಸಲ ಹೀಗೆ ಕೂಗುವುದು ಗಣಿತದಲ್ಲಿ ದಡ್ಡನೆಂದು ಹೆಸರಾದ ಹುಡುಗನೇ.

ಅಚ್ಚುಕೂಟದ ಕೆಲಸಗಾರರಿಗೆ ಈ ಲೆಕ್ಕ ದಿನನಿತ್ಯದ್ದು. ಪುಟಗಳನ್ನು ಈ ಕ್ರಮದಲ್ಲಿ ಜೋಡಿಸಿ, ಹಾಳೆಯ ಎರಡೂ ಮಗ್ಗುಲಿಗೆ ಅಚ್ಚು ಹಾಕಿ, ಮಡಿಸಿ, ಹೊಲಿದು, ಮೂರು ಅಂಚುಗಳನ್ನು ಕತ್ತರಿಸಿದಾಗಲೇ ಪುಟಗಳು ಸರದಿಯಂತೆ ತೆರೆದುಕೊಳ್ಳುತ್ತವೆ. ಇಷ್ಟನ್ನು ಕೈಯಾರೆ ಮಾಡಿದ ಮೇಲೆ ಮೊದಲಿನ ಪ್ರಶ್ನೆಯನ್ನು ಮತ್ತೆ ಕೇಳುತ್ತೇವೆ. ಈಗ ಮಕ್ಕಳು ಬೆರಳು ಮಡಿಸಿ ಎಣಿಸಲು ತೊಡಗುತ್ತಾರೆ. ಕಾಗದಕ್ಕೆ ಬಿದಿರನ್ನೋ ನೀಲಗಿರಿ ಮರವನ್ನೋ ಕಡಿದವರು, ಅದನ್ನು ತಿರುಳು ಮಾಡಿ ಹಾಳೆ ಎಳೆದವರು, ಅಕ್ಷರ ಜೋಡಿಸಿದವರು, ಕರಡು ತಿದ್ದಿದವರು, ಚಿತ್ರ ಬರೆದವರು, ಅಚ್ಚು ಹಾಕಿದವರು, ಹೊಲಿದವರು, ಲಾರಿಗೆ ಏರಿಸಿದವರು, ಅಂಗಡಿಯಲ್ಲಿಟ್ಟು ಮಾರಿದವರು. ಕಥೆ ಬರೆದವನು ಈ ಸಾಲಿನಲ್ಲಿ ಒಬ್ಬ.

೧೯೩೬ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದದ ಗಿರಣಿಯ ಹೆಸರನ್ನು ಇಲ್ಲಿ ಹೇಳಲೇಬೇಕು. ಕಳೆದ ದಶಕದಲ್ಲಿ ಅದರ ಯಂತ್ರಗಳು ನಿಂತುಹೋದವು. ಅಲ್ಲಿ ದುಡಿದವರು ತಯಾರಿಸಿದ ಕಾಗದದ ಮೇಲೆ ಓದಿ ಬರೆದು ಬೆಳೆದವರು ಈ ನಾಡಿನಲ್ಲಿ ಅಸಂಖ್ಯರು. ಆ ದುಡಿದ ಕೈಗಳನ್ನು ನೆನೆದವರು ಎಷ್ಟು ಮಂದಿ? ಮೊಳೆ ಜೋಡಿಸುತ್ತಿದ್ದ ಕಂಪೋಸಿಟರುಗಳ ಕಥೆಯೂ ಹೀಗೆಯೇ. ಕನ್ನಡದ ಕಾಗುಣಿತ, ಒತ್ತಕ್ಷರಗಳಿಗೆಲ್ಲ ಸೇರಿ ನೂರಾರು ಬಗೆಯ ಮೊಳೆ ಬೇಕಾಗುತ್ತಿತ್ತು. ಇಡೀ ದಿನ ನಿಂತುಕೊಂಡು, ಕನ್ನಡಿಯ ಬಿಂಬದಂತೆ ತಿರುಗುಮುರುಗಾದ ಅಕ್ಷರಗಳನ್ನು ಓದುತ್ತ ಸಾಲು ಕಟ್ಟುತ್ತಿದ್ದರು. ಕಂಪ್ಯೂಟರು ಬಂದ ಮೇಲೆ ಆ ಕಸುಬು ಹೆಚ್ಚುಕಡಿಮೆ ಅಳಿಸಿಹೋಯಿತು. ಮಕ್ಕಳಿಗೆ ಒಂದು ಹಳೆಯ ಮೊಳೆಯನ್ನು ಕೊಟ್ಟು, ಮಸಿ ಹಚ್ಚಿ ಒತ್ತಿಸಿದರೆ, ಉಲ್ಟಾ ಅಕ್ಷರ ಸುಲ್ಟಾ ಆಗುವುದನ್ನು ನೋಡಿ ಕುಣಿಯುತ್ತಾರೆ.

ಹಿಂದೆ ನಡೆದವರು

ಬರೆಯುವವರು ಶಾಲೆಗೆ ಹೋಗುವ ಸಂಪ್ರದಾಯವನ್ನು ನಾವು ಹೊಸದಾಗಿ ಕಂಡುಹಿಡಿದಿಲ್ಲ. ಪಂಜೆ ಮಂಗೇಶರಾಯರು ೧೮೭೪ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು, ೧೯೩೭ರಲ್ಲಿ ತೀರಿಕೊಂಡವರು. ದಕ್ಷಿಣ ಕನ್ನಡದಲ್ಲಿ ಅಧ್ಯಾಪಕರಾಗಿ, ಮುಂದೆ ಶಾಲಾ ತನಿಖಾಧಿಕಾರಿಯಾಗಿ ಊರೂರು ತಿರುಗಿದರು. ಇನ್‌ಸ್ಪೆಕ್ಟರು ಬರುತ್ತಾರೆಂದರೆ ಮೇಷ್ಟರಿಗೇ ನಡುಕ ಹುಟ್ಟುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಈ ಇನ್‌ಸ್ಪೆಕ್ಟರು ಮಕ್ಕಳಿಗೆ ಕಥೆ ಹೇಳಿದರು, ಹಾಡು ಕಟ್ಟಿದರು. ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಅವರ ಕಥೆಯ ಹೆಸರನ್ನೇ ನೋಡಿ. ಕರಾವಳಿಯ ಬಡವರ ಅಂಗಳದಲ್ಲಿ ಹುಟ್ಟಿದ ಪ್ರಶ್ನೆ. ಒಂದಕ್ಕೆ ಇನ್ನೊಂದು ಕಾರಣ, ಅದಕ್ಕೆ ಮತ್ತೊಂದು ಕಾರಣ ಎಂದು ಬೆನ್ನಟ್ಟಿ ಕೇಳುವುದನ್ನು ಮಗುವಿಗೆ ಕಲಿಸುವ ಕಥೆ. ಮಕ್ಕಳ ಪುಸ್ತಕಗಳಿಗಾಗಿಯೇ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿದವರಲ್ಲಿಯೂ ಅವರು ಪ್ರಮುಖರು.

೧೯೭೯ರಲ್ಲಿ ನಿಧನರಾದ ಜಿ. ಪಿ. ರಾಜರತ್ನಂ ಚಿಕ್ಕ ಮಕ್ಕಳಿಗೆ ಪಾಠ ಹೇಳಿದವರು, ‘ತುತ್ತೂರಿ’ ಬರೆದವರು. ಪುಸ್ತಕಗಳನ್ನು ತಾವೇ ಹೊತ್ತು ಜನರಿದ್ದಲ್ಲಿಗೆ ಒಯ್ದು ಮಾರಿದರು. ಅದನ್ನು ಕೀಳು ಕೆಲಸವೆಂದು ಭಾವಿಸಲಿಲ್ಲ. ಇಲ್ಲಿರುವ ವರ್ತಕ ಮಿತ್ರರು ಇದನ್ನು ಗಮನಿಸಬೇಕು.

ನಮ್ಮಲ್ಲಿ ಮಾತ್ರ ಹೀಗೆ ನಡೆಯಿತೆಂದು ತಿಳಿಯಬೇಡಿ. ಇಟಲಿಯಲ್ಲಿ ಜಿಯಾನಿ ರೊಡಾರಿ ಎಂಬ ಲೇಖಕರಿದ್ದರು. ೧೯೨೦ರಲ್ಲಿ ಹುಟ್ಟಿದರು, ತಂದೆ ರೊಟ್ಟಿ ಸುಡುವ ಬೇಕರಿಯವರು. ಹುಡುಗ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು. ರೊಡಾರಿ ಪ್ರಾಥಮಿಕ ಶಾಲೆಯ ಮೇಷ್ಟರಾದರು, ಆಮೇಲೆ ಕಮ್ಯುನಿಸ್ಟ್ ಪಕ್ಷದ ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯೇ ಮಕ್ಕಳಿಗಾಗಿ ಬರೆಯಲು ಆರಂಭಿಸಿದರು. ರೋಮ್ ನಗರದ ಅಂಚಿನಲ್ಲಿ ತ್ರುಲ್ಲೊ ಎಂಬ ಕೆಲಸಗಾರರ ಬಡಾವಣೆಯಿದೆ. ೧೯೬೪ರ ಸುಮಾರಿಗೆ ಅವರು ಅಲ್ಲಿನ ಪ್ರಾಥಮಿಕ ಶಾಲೆಯ ಮಕ್ಕಳ ನಡುವೆ ಕುಳಿತು ಒಂದು ಕಥೆಯನ್ನು ಬೆಳೆಸಿದರು. ತ್ರುಲ್ಲೊದ ಮೇಲೆ ಆಕಾಶದಲ್ಲಿ ದೊಡ್ಡದೊಂದು ವಸ್ತು ಬಂದು ನಿಲ್ಲುತ್ತದೆ. ಶತ್ರುಗಳು ಬಂದರೆಂದು ಸೈನ್ಯ ಸಜ್ಜಾಗುತ್ತದೆ. ಕೊನೆಗೆ ನೋಡಿದರೆ ಅದೊಂದು ಭಾರಿ ಕೇಕು! ಅಣುಬಾಂಬು ಮಾಡಹೊರಟದ್ದು ಎಡವಟ್ಟಾಗಿ ತಿಂಡಿಯಾಗಿದೆ. ಅದನ್ನು ಕಂಡುಹಿಡಿಯುವವರು ಅದೇ ಬಡಾವಣೆಯ ಇಬ್ಬರು ಮಕ್ಕಳು. ೧೯೬೬ರಲ್ಲಿ ಅದು ಪುಸ್ತಕವಾಯಿತು. ೧೯೭೦ರಲ್ಲಿ ಮಕ್ಕಳ ಸಾಹಿತ್ಯದ ಅತಿ ದೊಡ್ಡ ಅಂತರರಾಷ್ಟ್ರೀಯ ಗೌರವವಾದ ಆಂಡರ್ಸನ್ ಪ್ರಶಸ್ತಿ ರೊಡಾರಿಯವರಿಗೆ ಬಂತು. ಕೂಲಿಕಾರರ ಕೇರಿಯ ಹೆಸರು ಹೀಗೆ ಪುಸ್ತಕದೊಳಗೆ ಬಂದಿತು. ತಮ್ಮ ಬೀದಿಯೂ ಕಥೆಯಾಗಬಲ್ಲದೆಂದು ಅಲ್ಲಿನ ಮಕ್ಕಳಿಗೆ ತಿಳಿಯಿತು. ನಮ್ಮ ಗಿರಣಿ ಕೇರಿಯ ಮಕ್ಕಳಿಗೂ ಇದು ತಿಳಿಯುವುದು ಬೇಡವೆ?

ಬೆಲೆಯ ಲೆಕ್ಕ

ಶಾಲೆಗಳಲ್ಲಿ ಮಕ್ಕಳು ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆ: “ಕಥೆಪುಸ್ತಕಕ್ಕೆ ಇಷ್ಟೊಂದು ಬೆಲೆ ಯಾಕೆ?” ಇದಕ್ಕೆ ಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸುತ್ತೇವೆ. ಅಕ್ಷರ ಜೋಡಣೆ, ಚಿತ್ರ, ಅಚ್ಚಿನ ತಗಡು ಇವಕ್ಕೆ ಒಟ್ಟು ೩೦,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ನೂರು ಪ್ರತಿ ಅಚ್ಚಾದರೂ ಲಕ್ಷ ಪ್ರತಿ ಅಚ್ಚಾದರೂ ಈ ಖರ್ಚು ಒಂದೇ. ಕಾಗದ, ಅಚ್ಚು, ಹೊಲಿಗೆಗೆ ಪ್ರತಿಯೊಂದಕ್ಕೆ ೨೦ ರೂಪಾಯಿ ಎಂದಿಟ್ಟುಕೊಳ್ಳೋಣ. ೫೦೦ ಪ್ರತಿ ಮಾಡಿದರೆ ಒಂದರ ಅಸಲು ೮೦ ರೂಪಾಯಿ. ೫,೦೦೦ ಪ್ರತಿ ಮಾಡಿದರೆ ೨೬ ರೂಪಾಯಿ. ಅದೇ ಕಥೆ, ಅದೇ ಕಾಗದ. ಕೊಳ್ಳುವವರು ಹೆಚ್ಚಿದರೆ ಬೆಲೆ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ.

ಒಬ್ಬೊಬ್ಬ ತಂದೆಯೇ ತನ್ನ ಕೂಲಿಯಲ್ಲಿ ಉಳಿಸಿ ಕೊಂಡುತರಬೇಕೆಂದರೆ ೫,೦೦೦ ಪ್ರತಿ ಎಂದೂ ಮಾರಾಟವಾಗದು. ಊರಿನ ಶಾಲೆಗಳೂ ಗ್ರಂಥಾಲಯಗಳೂ ನಿಯಮಿತವಾಗಿ ಕೊಂಡರೆ ಮಾತ್ರ ಆದೀತು. ಇಲ್ಲಿಯೇ ತೆರಿಗೆಯ ವಿಷಯ ಬರುತ್ತದೆ.

ಬೀಗ ಹಾಕಿದ ಕಪಾಟು

೧೯೬೫ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಮೇರೆಗೆ, ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ ೬ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಸ್ವಂತ ಮಳಿಗೆಯಿರುವ ವರ್ತಕನು ತೆರಿಗೆ ರಸೀದಿಯನ್ನು ಒಮ್ಮೆ ತೆಗೆದು ನೋಡಲಿ. ಬಾಡಿಗೆ ಮಳಿಗೆಯವನ ಬಾಡಿಗೆಯೊಳಗೂ ಅದು ಸೇರಿಯೇ ಇರುತ್ತದೆ. ಅಂದರೆ ಪುಸ್ತಕಕ್ಕಾಗಿ ನಾವು ಈಗಾಗಲೇ ಹಣ ಕೊಟ್ಟಿದ್ದೇವೆ. ಆ ಹಣ ಗ್ರಂಥಾಲಯಕ್ಕೆ ಪೂರ್ತಿ ಸಂದಿತೆ, ಅದರಲ್ಲಿ ಮಕ್ಕಳ ಪುಸ್ತಕಕ್ಕೆ ಎಷ್ಟು ಹೋಯಿತು ಎಂದು ಕೇಳುವ ಅಧಿಕಾರ ತೆರಿಗೆ ಕೊಟ್ಟವನಿಗೆ ಇದೆ.

ಎರಡನೆಯದಾಗಿ, ೨೦೦೯ರ ಶಿಕ್ಷಣ ಹಕ್ಕು ಕಾಯಿದೆ. ಪ್ರತಿಯೊಂದು ಶಾಲೆಯಲ್ಲಿಯೂ ಗ್ರಂಥಾಲಯವಿರಬೇಕು. ಅದರಲ್ಲಿ ವೃತ್ತಪತ್ರಿಕೆ, ನಿಯತಕಾಲಿಕಗಳು ಮತ್ತು ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳಿರಬೇಕು ಎಂದು ಅದರ ಅನುಸೂಚಿ ಹೇಳುತ್ತದೆ. ಕಥೆಪುಸ್ತಕವೆಂಬ ಮಾತು ಕಾಯಿದೆಯೊಳಗೇ ಇದೆ. ಅದನ್ನು ಯಾರೂ ದಾನವಾಗಿ ಕೊಡಬೇಕಾಗಿಲ್ಲ.

ಆದರೆ ವಸ್ತುಸ್ಥಿತಿ ಏನು? ಒಂದು ಶಾಲೆಗೆ ನಾವು ಹೋದಾಗ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕಬ್ಬಿಣದ ಕಪಾಟು ತುಂಬ ಒಳ್ಳೆಯ ಪುಸ್ತಕಗಳಿದ್ದವು. ಕಪಾಟಿಗೆ ಬೀಗ. ಎಷ್ಟೋ ಪುಸ್ತಕಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಯಾರೂ ಬಿಚ್ಚಿದಂತೆಯೇ ಇರಲಿಲ್ಲ. “ಮಕ್ಕಳಿಗೆ ಯಾಕೆ ಕೊಡುವುದಿಲ್ಲ?” ಎಂದೆವು. “ದಾಸ್ತಾನು ಪುಸ್ತಕದಲ್ಲಿ ನಮ್ಮ ರುಜು ಇದೆ ಸ್ವಾಮಿ. ಒಂದು ಹರಿದರೆ, ಕಳೆದರೆ, ನಾವು ಕೈಯಿಂದ ಕಟ್ಟಬೇಕು” ಎಂದರು ಅವರು. ಆ ಉಪಾಧ್ಯಾಯರನ್ನು ನಾವು ದೂರುವುದಿಲ್ಲ. ಸಂಬಳದವನ ಭಯ ಏನೆಂದು ನಿಮಗೆ ವಿವರಿಸಬೇಕಾಗಿಲ್ಲ. ಮಗು ಓದಿದ ಪುಸ್ತಕ ಸವೆಯುತ್ತದೆ. ಗಿರಣಿಯಲ್ಲಿ ಬೆಲ್ಟು ಸವೆದರೆ ನಡೆಸುವವನ ಸಂಬಳದಲ್ಲಿ ಮುರಿದುಕೊಳ್ಳುವುದು ನ್ಯಾಯವೆ? ಸವೆದ ಪುಸ್ತಕವನ್ನು ಲೆಕ್ಕದಿಂದ ತೆಗೆದು ಹೊಸದನ್ನು ಕೊಳ್ಳುವ ಸರಳ ವ್ಯವಸ್ಥೆ ಆಗಬೇಕು. ಅಲ್ಲಿಯವರೆಗೆ ಬೀಗ ತೆಗೆಸುವ ಧೈರ್ಯವನ್ನು ಮೇಷ್ಟರಿಗೆ ತಂದೆತಾಯಿಗಳೇ ತುಂಬಬೇಕು.

ಕೆಲಸ ಸಿಗುತ್ತದೆಯೆ?

ಒಂದು ಶಾಲೆಯ ಗೇಟಿನ ಬಳಿ, ಮಗನನ್ನು ಕರೆದೊಯ್ಯಲು ಬಂದಿದ್ದ ಕೆಲಸಗಾರರೊಬ್ಬರು ನೇರವಾಗಿಯೇ ಕೇಳಿದರು: “ಕಾಗದ ಮಡಿಸೋದು ಕಲಿತರೆ ನನ್ನ ಮಗನಿಗೆ ಕೆಲಸ ಸಿಗುತ್ತಾ ಸ್ವಾಮಿ?” ನ್ಯಾಯವಾದ ಪ್ರಶ್ನೆ. ಸಿಗುತ್ತದೆಂದು ನಾವು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಆದರೆ ಅಚ್ಚಾದದ್ದೆಲ್ಲ ಯಾರೋ ಒಬ್ಬ ಮನುಷ್ಯ ಬರೆದದ್ದು, ಅದನ್ನು ಓದಬಹುದು, ಅರ್ಥವಾಗದಿದ್ದರೆ ಕೇಳಬಹುದು, ತಪ್ಪಿದ್ದರೆ ತಿದ್ದಬಹುದು ಎಂದು ಆ ಹುಡುಗನಿಗೆ ಹತ್ತನೆಯ ವಯಸ್ಸಿಗೇ ತಿಳಿಯುತ್ತದೆ. ನಾಳೆ ಅವನ ಮುಂದೆ ಸಂಬಳದ ಚೀಟಿ ಬರುತ್ತದೆ, ಸಾಲದ ಪತ್ರ ಬರುತ್ತದೆ, ಕರಾರು ಬರುತ್ತದೆ. ಅಚ್ಚಾದ ಅಕ್ಷರಕ್ಕೆ ಕೈಮುಗಿಯುವವನು ಕಣ್ಣುಮುಚ್ಚಿ ರುಜು ಹಾಕುತ್ತಾನೆ. ಪುಸ್ತಕ ಹೊಲಿದ ಕೈ ಸ್ವಲ್ಪ ತಡೆದು, ಕೊನೆಯ ಸಾಲಿನವರೆಗೆ ಓದುತ್ತದೆ.

ಆದಕಾರಣ ನಿಮ್ಮಲ್ಲಿ ನಮ್ಮ ಬಿನ್ನಹ ಮೂರು. ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿ, ಪೋಷಕರೇ ಇರಬೇಕೆಂದು ಕಾಯಿದೆ ಇದೆ. ಮುಂದಿನ ಸಭೆಗೆ ಹೋಗಿ, ಕಪಾಟಿನ ಬೀಗದ ಕೈ ಎಲ್ಲಿದೆ ಎಂದು ವಿನಯದಿಂದಲೇ ಕೇಳಿ. ಎರಡನೆಯದು, ಗ್ರಂಥಾಲಯ ಕರದ ಲೆಕ್ಕವನ್ನು ನಗರಸಭೆಯಲ್ಲಿ ವರ್ತಕರೂ ಕೆಲಸಗಾರರೂ ಒಟ್ಟಾಗಿ ಕೇಳಿ. ಮೂರನೆಯದು, ರಜೆಯ ದಿನ ಒಂದು ಹಾಳೆಯನ್ನು ಮೂರು ಸಲ ಮಡಿಸಿ, ಹೊಲಿದು, ಅಂಚು ಕತ್ತರಿಸಿ ನಿಮ್ಮ ಮಗುವಿನ ಕೈಗೆ ಕೊಡಿ. ಹದಿನಾರು ಖಾಲಿ ಪುಟಗಳಿರುತ್ತವೆ. ನಿಮ್ಮ ಗಿರಣಿಯಲ್ಲಿ, ನಿಮ್ಮ ಅಂಗಡಿಯಲ್ಲಿ ಏನು ನಡೆಯುತ್ತದೆ ಎಂದು ಹೇಳಿ. ಮಗು ಬರೆಯಲಿ, ಚಿತ್ರ ಹಾಕಲಿ. ರಕ್ಷಾಪುಟದ ಮೇಲೆ ತನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಲಿ.

ಮತ್ತೊಮ್ಮೆ ನಾವು ಆ ಶಾಲೆಗೆ ಹೋಗಿ, ಪುಸ್ತಕ ಮಾಡುವವರು ಯಾರು ಎಂದು ಕೇಳಿದಾಗ, “ನಾವು” ಎಂಬ ಉತ್ತರ ಬರಬೇಕೆಂಬುದು ನಮ್ಮ ಆಸೆ.